ನಮ್ಮ ಚಾರ್ಟಿನಲ್ಲಿ ಎಲ್ಲರ ಉಸಿರೂ 20

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಡೊಂಬಿವಲಿಗೆ ವಾಪಸ್ ಬರುತ್ತಿದ್ದೆ. ಬೆಳಗಿನ ಹೊತ್ತು ಜನ ಎಲ್ಲ ಲೋಕಲ್ ಹಿಡಿದು ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಕಡೆ ಓಡುವಾಗ ನಮ್ಮದು ಉಲ್ಟಾ ದಿಕ್ಕು, ಹಾಗಾಗಿ ಕಿಟಕಿ ಸೀಟೇ ಸಿಕ್ಕಿತ್ತು. ಘಾಟ್‌ಕೋಪರ್ ದಾಟುವಷ್ಟರಲ್ಲಿ ವಾಟ್ಸಾಪ್‌ಗೆ ಒಂದರ ಹಿಂದೆ ಒಂದು ಏಳು ಫೋಟೋ. ಎಲ್ಲವೂ ಲ್ಯಾಬ್ ರಿಪೋರ್ಟು. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್ ಅಂತ ರಕ್ತಪರೀಕ್ಷೆಗಳು, ಕೊನೆಗೆ ಬೆಳಕಿಗೆ ಹಿಡಿದು ತೆಗೆದ ಎದೆಯ ಎಕ್ಸ್‌ರೇ. ಕಳಿಸಿದ್ದು ಚಿಕ್ಕಮ್ಮನ ಮಗ. ಚಿಕ್ಕಮ್ಮನಿಗೆ 67, ಸಕ್ಕರೆ ಕಾಯಿಲೆ ಇದೆ, ಫ್ಲೂ ಜೋರಾಗಿ ಪರೇಲಿನ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ ಎರಡು ದಿನ ಆಗಿತ್ತು.

"ಅಕ್ಕಾ, ಸಿಆರ್‌ಪಿ ನಿನ್ನೆಗಿಂತ ಕಮ್ಮಿ ಬಂದಿದೆ. ಇನ್ನು ಭಯ ಇಲ್ಲ ಅಲ್ವಾ?"

ನಾನು ಕೇಳಿದೆ, "ಚಿಕ್ಕಮ್ಮ ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಿದ್ದಾರೆ?"

"ಅದು ಯಾವ ಟೆಸ್ಟು ಅಕ್ಕಾ? ಡಾಕ್ಟರ್ ಹತ್ರ ಬರೆಸಿಕೊಳ್ತೇನೆ."

ನಗಬೇಡಿ. ತಮ್ಮನದ್ದು ತಪ್ಪಿಲ್ಲ. 19 ವರ್ಷದಿಂದ ಈ ಮುಂಬೈಯಲ್ಲಿ ಸ್ಟಾಫ್ ನರ್ಸ್ ಆಗಿರುವ ನಾನೇ ಹೇಳುತ್ತೇನೆ, ಆ ನಂಬರನ್ನು ನಾವು ಮನೆಯವರಿಗೆ ಹೇಳುವುದಿಲ್ಲ, ಯಾಕೆಂದರೆ ಎಷ್ಟೋ ಸಲ ನಾವೇ ಎಣಿಸಿರುವುದಿಲ್ಲ.

ಜನರಲ್ ವಾರ್ಡಿನ ಟಿಪಿಆರ್ ಚಾರ್ಟ್, ಅಂದರೆ ಜ್ವರ, ಪಲ್ಸ್, ಉಸಿರು ಬರೆಯುವ ಹಾಳೆ, ತೆಗೆದು ನೋಡಿ. ಜ್ವರದ ಕಾಲಂನಲ್ಲಿ ಒಬ್ಬೊಬ್ಬರದು ಒಂದೊಂದು. ಪಲ್ಸ್ ಒಂದೊಂದು. ಉಸಿರಿನ ಕಾಲಂಗೆ ಬಂದರೆ 20, 20, 18, 20, 20. ಒಂದನೇ ಬೆಡ್ಡಿನ ಹುಡುಗನಿಂದ ಮೂವತ್ತನೇ ಬೆಡ್ಡಿನ ಅಜ್ಜನ ತನಕ ಎಲ್ಲರೂ ಭಜನೆಗೆ ಕೂತ ಹಾಗೆ ಒಂದೇ ತಾಳದಲ್ಲಿ ಉಸಿರಾಡುತ್ತಿರುತ್ತಾರೆ. ನಾನೂ ಬರೆದಿದ್ದೇನೆ, ಲೆಕ್ಕ ಇಲ್ಲದಷ್ಟು ಸಲ. ಬಿಪಿಗೆ ಮಷಿನ್ ಇದೆ, ಸ್ಯಾಚುರೇಶನ್‌ಗೆ, ಅಂದರೆ ರಕ್ತದ ಆಕ್ಸಿಜನ್ ಮಟ್ಟಕ್ಕೆ, ಬೆರಳಿಗೆ ಕ್ಲಿಪ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರಿಗೆ ಮಾತ್ರ ಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಪೇಶಂಟ್ ಪಕ್ಕ ಸುಮ್ನೆ ನಿಲ್ಲಬೇಕು. ಮೂವತ್ತು ಜನರಿಗೆ ಇಬ್ಬರು ಸಿಸ್ಟರ್ ಇರುವಲ್ಲಿ ಮೂವತ್ತು ನಿಮಿಷ ಸುಮ್ನೆ ನಿಲ್ಲುವುದು ಹೇಗೆ ಅಂತ ನೀವೇ ಹೇಳಿ. ಆದರೂ ವೈರಸ್ ಪುಪ್ಪುಸಕ್ಕೆ ಇಳಿದಿರುವ ಪೇಶಂಟಲ್ಲಿ ಯಾರು ನಾಳೆ ಕೈಕೊಡುತ್ತಾರೆ ಅಂತ ಎಲ್ಲಕ್ಕಿಂತ ಮೊದಲು ಹೇಳುವ ನಂಬರುಗಳಲ್ಲಿ ಅದೇ ಒಂದು.

2021ರ ಏಪ್ರಿಲ್. ಕೋವಿಡ್ ವಾರ್ಡಿನ ಹನ್ನೆರಡನೇ ಬೆಡ್ಡಿನಲ್ಲಿ ಕುಂದಾಪುರ ಕಡೆಯ ಒಬ್ಬರು ಶೆಟ್ರು, ಕ್ಯಾಂಟೀನ್ ನಡೆಸುವವರು, 58 ವಯಸ್ಸು. ಜ್ವರ ಶುರುವಾಗಿ ಎಂಟನೇ ದಿನ. ಸ್ಯಾಚುರೇಶನ್ 94, ಆಕ್ಸಿಜನ್ ಹಾಕಿರಲಿಲ್ಲ. ಕೂತು ಮೊಬೈಲ್ ನೋಡುತ್ತಿದ್ದರು. ನನ್ನ ಮಾತಿನಲ್ಲಿ ಊರ ವಾಸನೆ ಸಿಕ್ಕಿದ ಮೇಲಂತೂ ದಿನಾ ಒಂದೇ ರಾಗ, "ನಂಗೆ ಎಂತದೂ ಇಲ್ಲೆ ಮಾರಾಯ್ತಿ, ಮನೆಗೆ ಕಳ್ಸಿ."

ಆ ಸಂಜೆ ನಮ್ಮ ವಾರ್ಡಿನ ಆಯಾ, ಇಲ್ಲಿ ಮಾವಶಿ ಅಂತೀವಿ, ಊಟದ ತಟ್ಟೆ ಎತ್ತಿಕೊಂಡು ಬಂದವಳು ನನ್ನ ಹತ್ತಿರ ನಿಂತು, "ಸಿಸ್ಟರ್, ಬಾರಾ ನಂಬರ್ ಬರೋಬರ್ ದಿಸತ್ ನಾಹೀ" ಅಂದಳು. ಹನ್ನೆರಡನೇ ನಂಬರ್ ಯಾಕೋ ಸರಿ ಕಾಣ್ತಿಲ್ಲ ಅಂತ. ಯಾಕೆ ಅಂದರೆ, ಚಪಾತಿ ಮುಟ್ಟಿಲ್ಲ, ಮಾತಾಡುವಾಗ ಮಧ್ಯೆ ಮಧ್ಯೆ ನಿಲ್ಲಿಸ್ತಾರೆ. ಅಷ್ಟೇ.

ನಾನು ಹೋಗಿ ಪಲ್ಸ್ ನೋಡುವವಳ ಹಾಗೆ ಕೈ ಹಿಡಿದು ನಿಂತೆ. ಇದು ನಮ್ಮ ಹಳೇ ಉಪಾಯ. ಉಸಿರು ಎಣಿಸುತ್ತಿದ್ದೇನೆ ಅಂತ ಗೊತ್ತಾದರೆ ಪೇಶಂಟ್ ಉಸಿರಿನ ಲಯವೇ ಬದಲಾಗಿಬಿಡುತ್ತದೆ. ಪಿಪಿಇ ಒಳಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎದೆ ಏರುವುದು ಇಳಿಯುವುದು ಎಣಿಸಿದೆ. 28. ಮಧ್ಯಾಹ್ನದ ಚಾರ್ಟಿನಲ್ಲಿ 20 ಅಂತ ಇತ್ತು. ಅಕ್ಷರ ನನ್ನದೇ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂತ ಒಂದು ಸ್ಕೋರ್ ಮಾಡಿತು, 2017ರಲ್ಲಿ ಅದನ್ನು ತಿದ್ದಿ ನ್ಯೂಸ್-2 ತಂದಿತು. ಉಸಿರು, ಸ್ಯಾಚುರೇಶನ್, ಆಕ್ಸಿಜನ್ ಹಾಕಿದೆಯಾ ಇಲ್ಲವಾ, ಮೇಲಿನ ಬಿಪಿ, ಪಲ್ಸ್, ಎಚ್ಚರ, ಜ್ವರ, ಒಟ್ಟು ಏಳು ಸಂಗತಿ. ಮಾಮೂಲಿಗಿಂತ ಎಷ್ಟು ದೂರ ಹೋಗಿದೆ ಅನ್ನುವುದರ ಮೇಲೆ ಮಾರ್ಕು. ರಕ್ತ ತೆಗೆಯುವುದು ಬೇಡ, ಸ್ಕ್ಯಾನ್ ಬೇಡ. ಶೆಟ್ರ ಪಲ್ಸ್ 104, ಅದಕ್ಕೆ 1. ಜ್ವರ 38.4, ಅಂದರೆ 101 ಚಿಲ್ಲರೆ, ಅದಕ್ಕೆ 1. ಸ್ಯಾಚುರೇಶನ್ 94ಕ್ಕೆ 1. ಬಿಪಿ, ಎಚ್ಚರ ಎರಡೂ ಸರಿ, ಸೊನ್ನೆ. ನಾನು ಬರೆದ ಉಸಿರು 20ಕ್ಕೆ ಸೊನ್ನೆ. ಒಟ್ಟು 3. ಮೂರಕ್ಕೆ ಆ ಪುಸ್ತಕ ಹೇಳುವುದು, ನಾಲ್ಕಾರು ಗಂಟೆ ಬಿಟ್ಟು ಮತ್ತೆ ನೋಡಿ. ಈಗ 20 ಹೊಡೆದು 28 ಬರೆಯಿರಿ. 25 ಮುಟ್ಟಿದರೆ ಅದೊಂದಕ್ಕೇ 3. ಒಟ್ಟು 6 ಆಯಿತು. ಐದು ಮುಟ್ಟಿದರೆ ಡಾಕ್ಟರನ್ನು ಕೂಡಲೇ ಕರೆಯಿರಿ, ಗಂಟೆಗೊಮ್ಮೆ ನೋಡಿ ಅಂತ ಇದೆ. ಅದೇ ಮನುಷ್ಯ, ಅದೇ ಬೆಡ್ಡು, ಅದೇ ಸಂಜೆ.

ಆಸ್ಪತ್ರೆಯಲ್ಲೇ ಇರುವ ಡಾಕ್ಟರ್, ಆರ್‌ಎಂಓಗೆ ಫೋನ್ ಮಾಡಿದೆ. ಆಕ್ಸಿಜನ್ ಶುರುವಾಯಿತು. ಎರಡು ಗಂಟೆ ಬಿಟ್ಟು ಸ್ಯಾಚುರೇಶನ್ 96ಕ್ಕೆ ಏರಿತು. ವಿಡಿಯೋ ಕಾಲ್‌ನಲ್ಲಿ ಅವರ ಮಗನಿಗೆ ಎಷ್ಟು ಖುಷಿ! "ಅಪ್ಪಾ, 96 ಬಂತು!" ಆದರೆ ಉಸಿರು 30, ಪಲ್ಸ್ 114. ಆಕ್ಸಿಜನ್ ಕೊಟ್ಟಿದ್ದಕ್ಕೇ 2 ಮಾರ್ಕು. ಒಟ್ಟು ಸ್ಕೋರ್ 8. ಎಲ್ಲರೂ ನೋಡುತ್ತಿದ್ದ ನಂಬರ್ ಸುಧಾರಿಸಿತ್ತು, ಮನುಷ್ಯ ಹದಗೆಡುತ್ತಿದ್ದರು. ಏಳು ಮುಟ್ಟಿದರೆ ತುರ್ತು. ಆ ರಾತ್ರಿಯೇ ಐಸಿಯುಗೆ ಹೋದರು, ಹೈಫ್ಲೋ, ಅಂದರೆ ಮೂಗಿಗೆ ಜೋರಾಗಿ ಆಕ್ಸಿಜನ್ ಹರಿಸುವ ಮಷಿನ್, ಹಾಕಿ ಮಕಾಡೆ ಮಲಗಿಸಿದರು. ಒಂಬತ್ತು ದಿನ. ಆಮೇಲೆ ಮನೆಗೆ ಹೋದರು. ಈಗಲೂ ದೀಪಾವಳಿಗೆ ಫೋನ್ ಬರುತ್ತದೆ.

ಸ್ಯಾಚುರೇಶನ್ ಸುಳ್ಳು ಹೇಳುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ತಡವಾಗಿ ಹೇಳುತ್ತದೆ. ರಕ್ತದಲ್ಲಿ ಆಕ್ಸಿಜನ್ ಸಾಕಷ್ಟು ಕಮ್ಮಿಯಾಗುವ ತನಕ ಬೆರಳಿನ ನಂಬರ್ ಒಂದೆರಡು ಪಾಯಿಂಟ್ ಮಾತ್ರ ಅಲುಗಾಡುತ್ತದೆ, 90ರ ಕೆಳಗೆ ಇಳಿದರೆ ಮಾತ್ರ ಇಳಿಜಾರಿನಲ್ಲಿ ಬ್ರೇಕ್ ಹೋದ ಗಾಡಿ. ಅಲ್ಲಿವರೆಗೆ ದೇಹ ಜಾಸ್ತಿ ಜಾಸ್ತಿ ಉಸಿರಾಡಿ ಹೇಗೋ ಸಂಭಾಳಿಸುತ್ತಿರುತ್ತದೆ. ಆ ಕಷ್ಟ ಕಾಣುವುದು ಎದೆಯಲ್ಲಿ, ಬೆರಳಲ್ಲಿ ಅಲ್ಲ. ಇನ್ನೊಂದು ವಿಷಯ, ಕಪ್ಪು ಚರ್ಮದವರಲ್ಲಿ ಈ ಕ್ಲಿಪ್ ನಿಜಕ್ಕಿಂತ ಜಾಸ್ತಿ ತೋರಿಸುವ ಸಂಭವ ಹೆಚ್ಚು ಅಂತ 2020ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಸಮೇತ ತೋರಿಸಿದ್ದಾರೆ. ಕೋವಿಡ್‌ನಲ್ಲಿ 80ರ ಆಸುಪಾಸಿನ ಸ್ಯಾಚುರೇಶನ್ ಇಟ್ಟುಕೊಂಡು ಚಹಾ ಕುಡಿಯುತ್ತಾ ಕೂತವರನ್ನೂ ನೋಡಿದ್ದೇವೆ, ಒಪ್ಪುತ್ತೇನೆ. ಅದಕ್ಕೇ ಒಂದೇ ನಂಬರ್ ಸಾಕಾಗುವುದಿಲ್ಲ. ಪದೇ ಪದೇ ನೋಡಬೇಕು, ನಿನ್ನೆಗೂ ಇವತ್ತಿಗೂ ಹೋಲಿಸಬೇಕು.

ಈಗ ಬರುತ್ತೇನೆ ನನ್ನ ಸಿಟ್ಟಿನ ವಿಷಯಕ್ಕೆ. 2021ರಲ್ಲಿ ಈ ಊರಲ್ಲಿ ಜನ ಜಾತಕ ತೋರಿಸುವ ಹಾಗೆ ಸಿಟಿ ಸ್ಕೋರ್, ಅಂದರೆ ಎದೆಯ ಸ್ಕ್ಯಾನಿಗೆ ಕೊಡುವ ಮಾರ್ಕು, ತೋರಿಸುತ್ತಿದ್ದರು. 25ಕ್ಕೆ 8, 25ಕ್ಕೆ 14. ನೆಂಟರ ಗ್ರೂಪಿನಲ್ಲಿ ಪರೀಕ್ಷೆಯ ಮಾರ್ಕ್ಸ್ ಥರ ಚರ್ಚೆ. ಪಾಸಿಟಿವ್ ಬಂದ ಮಾರನೇ ದಿನವೇ ಸ್ಕ್ಯಾನು, ಅದರಿಂದ ಏನು ಗೊತ್ತಾಗಬೇಕು? ಕೋವಿಡ್ ಕೈಕೊಡುತ್ತಿದ್ದದ್ದು ಎರಡನೇ ವಾರದ ಹೊತ್ತಿಗೆ. ಫ್ಲೂ ಅಷ್ಟು ಕಾಯುವುದಿಲ್ಲ, ಮೊದಲ ಕೆಲವೇ ದಿನಗಳಲ್ಲಿ ತನ್ನ ಬಣ್ಣ ತೋರಿಸುತ್ತದೆ. ಕೂಸುಗಳ ಉಸಿರಾಟ ಕಾಡುವ ಆರ್‌ಎಸ್‌ವಿ ಅನ್ನುವ ವೈರಸ್ ಮೂರರಿಂದ ಐದನೇ ದಿನ ಜೋರು. ಎಷ್ಟನೇ ದಿನ ಅಂತ ಕೇಳದೆ ರಿಪೋರ್ಟ್ ಓದುವುದು, ಯಾವ ಸ್ಟೇಷನ್ ಅಂತ ನೋಡದೆ ಲೋಕಲ್‌ನಿಂದ ಇಳಿದ ಹಾಗೆ.

ಆಗ ಡೇಟಾದವರು ಬಂದರು. ಯಾರು ಹದಗೆಡುತ್ತಾರೆ ಅಂತ ಮೊದಲೇ ಹೇಳುವ ಕಂಪ್ಯೂಟರ್ ಮಾದರಿಗಳು 2020ರಿಂದ ನೂರಾರು ಹುಟ್ಟಿದವು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ತಂಡ ಅವನ್ನೆಲ್ಲ ಒಂದೊಂದಾಗಿ ಜಾಲಾಡಿ, ಹೆಚ್ಚಿನವು ನಂಬುವ ಹಾಗಿಲ್ಲ ಅಂತ ಬರೆಯಿತು. ತಮ್ಮದೇ ಆಸ್ಪತ್ರೆಯ ಸಣ್ಣ ಗುಂಪಿನ ಮೇಲೆ ಕಟ್ಟಿ, ಬೇರೆ ಕಡೆ ಪರೀಕ್ಷೆ ಮಾಡದೇ ಬಿಟ್ಟವೇ ಎಷ್ಟೋ. ಗಟ್ಟಿಯಾಗಿ ನಿಂತವೂ ಇವೆ. ಬ್ರಿಟನ್ನಿನ 4ಸಿ ಸ್ಕೋರ್ 35 ಸಾವಿರಕ್ಕೂ ಜಾಸ್ತಿ ರೋಗಿಗಳ ದಾಖಲೆ ಮೇಲೆ ಕಟ್ಟಿದ್ದು, ಆಸ್ಪತ್ರೆ ಸೇರಿದವರಲ್ಲಿ ಯಾರ ಜೀವಕ್ಕೆ ಅಪಾಯ ಜಾಸ್ತಿ ಅಂತ ಅಂದಾಜು ಮಾಡುತ್ತದೆ. ವಯಸ್ಸು, ಗಂಡೋ ಹೆಣ್ಣೋ, ಬೇರೆ ಎಷ್ಟು ಕಾಯಿಲೆ ಇವೆ, ಉಸಿರು, ಸ್ಯಾಚುರೇಶನ್, ಎಚ್ಚರ, ಯೂರಿಯಾ, ಸಿಆರ್‌ಪಿ. ನೋಡಿ, ಅಲ್ಲೂ ಉಸಿರು ಇದೆ. ಹೈಫ್ಲೋ ಹಾಕಿದ ಮೇಲೆ ವೆಂಟಿಲೇಟರ್ ಬೇಕಾಗುತ್ತದಾ ಅಂತ ನೋಡುವ ರಾಕ್ಸ್ ಲೆಕ್ಕದಲ್ಲಿ ಕೂಡ ಭಾಗಾಕಾರದ ಕೆಳಗೆ ಕೂತಿರುವುದು ಉಸಿರಿನ ಎಣಿಕೆಯೇ.

ಅಂದರೆ ಎಂಥ ದೊಡ್ಡ ಲೆಕ್ಕವಾದರೂ ಕೊನೆಗೆ ಉಣ್ಣುವುದು ನಮ್ಮ ಚಾರ್ಟಿನ ಅನ್ನವನ್ನೇ. ಅದರಲ್ಲಿ ನಾನು ನಿದ್ದೆಗಣ್ಣಲ್ಲಿ 20 ಬರೆದಿದ್ದರೆ ಕಂಪ್ಯೂಟರ್‌ಗೆ ಅದು ನಿಜವಾದ 20 ಅಲ್ಲ ಅಂತ ಹೇಗೆ ಗೊತ್ತಾಗಬೇಕು? ಸ್ಕೋರ್ ತರಲು ಎಲ್ಲರಿಗೂ ಉತ್ಸಾಹ. ನನ್ನ ಹಿಂದಿನ ಆಸ್ಪತ್ರೆಯಲ್ಲಿ ಗೋಡೆ ತುಂಬ ಬಣ್ಣದ ಪೋಸ್ಟರ್ ಅಂಟಿಸಿದರು, ನಮಗೆ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟ್ ಕೊಟ್ಟರು. ರಾತ್ರಿ ಪಾಳಿಗೆ ಇನ್ನೊಬ್ಬಳು ಸಿಸ್ಟರ್ ಕೊಡಿ ಅಂದರೆ ಬಜೆಟ್ ಇಲ್ಲ. ಸ್ಕೋರ್ 6 ಬಂದರೆ ಗಂಟೆಗೊಮ್ಮೆ ನೋಡಬೇಕು ಅಂತ ಪೋಸ್ಟರಿನಲ್ಲಿದೆ. ಯಾರು ನೋಡಬೇಕು, ಪೋಸ್ಟರೇ?

ಯಾರು ಹದಗೆಡುತ್ತಾರೆ ಅನ್ನುವುದು ವೈರಸ್ಸಿನ ಮೇಲೂ ಹೋಗುತ್ತದೆ. ಕೋವಿಡ್ ನಮಗೆ ವಯಸ್ಸು ನೋಡಿ ಅಂತ ಕಲಿಸಿತು. ಆದರೆ 2009ರ ಆಗಸ್ಟ್‌ನಲ್ಲಿ ದೇಶದ ಮೊದಲ ಹಂದಿಜ್ವರದ ಸಾವು ಪುಣೆಯಲ್ಲಿ ಆದಾಗ ಅದು ಶಾಲೆಗೆ ಹೋಗುವ 14 ವರ್ಷದ ಹುಡುಗಿ. ಆ ಜ್ವರ ಹರೆಯದವರನ್ನೂ ಬಸುರಿಯರನ್ನೂ ಜಾಸ್ತಿ ಕಾಡಿತು. ಹಾಗಾಗಿ ಒಂದು ವೈರಸ್ಸಿಗೆ ಹೊಲಿದ ಅಂಗಿ ಇನ್ನೊಂದಕ್ಕೆ ಸರಿಯಾಗುತ್ತದೆ ಅಂತ ಇಲ್ಲ. ಉಸಿರಿನ ವೇಗ ಮಾತ್ರ ಯಾವ ವೈರಸ್ ಅಂತ ಕೇಳುವುದಿಲ್ಲ.

ಮನೆಯವರ ಮಾತಿಗೂ ಬೆಲೆ ಇದೆ. ಇಂಗ್ಲೆಂಡಿನಲ್ಲಿ 2024ರಿಂದ ಮಾರ್ಥಾಸ್ ರೂಲ್ ಅಂತ ತಂದಿದ್ದಾರೆ. ನಮ್ಮವರು ಹದಗೆಡುತ್ತಿದ್ದಾರೆ, ಯಾರೂ ಕೇಳುತ್ತಿಲ್ಲ ಅಂತ ಅನಿಸಿದರೆ ಮನೆಯವರೇ ಇನ್ನೊಂದು ತಂಡವನ್ನು ಕರೆಸಿ ತೋರಿಸಬಹುದು. ನಮ್ಮಲ್ಲಿ ಅದನ್ನೇ ಹೇಳಿದರೆ "ಪೇಶಂಟ್ ಕಡೆಯವರು ಗಲಾಟೆ ಮಾಡ್ತಾರೆ" ಅಂತ ಸೆಕ್ಯೂರಿಟಿಯನ್ನು ಕರೆಸುತ್ತಾರೆ. ಮಾವಶಿಯ ಮಾತು ಬರೆಯಲು ಯಾವ ಚಾರ್ಟಿನಲ್ಲೂ ಕಾಲಂ ಇಲ್ಲ.

ತಮ್ಮನಿಗೆ ಆ ದಿನ ಠಾಣೆ ಬರುವ ತನಕ ಫೋನಿನಲ್ಲೇ ಕಲಿಸಿದೆ. ಚಿಕ್ಕಮ್ಮನ ಹೊಟ್ಟೆ ಮೇಲೆ ಬೆಡ್‌ಶೀಟ್ ಇದ್ದರೆ ಅದು ಏರುವುದನ್ನೇ ನೋಡು, ಅವರಿಗೆ ಹೇಳಬೇಡ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೋ, ಅರ್ಧ ನಿಮಿಷ ಎಣಿಸಿ ಡಬಲ್ ಮಾಡಬೇಡ. 26 ಅಂದ. ಮತ್ತೊಮ್ಮೆ ಎಣಿಸು ಅಂದೆ. 27. ಚಾರ್ಟಿನಲ್ಲಿ ಎಷ್ಟಿದೆ ನೋಡು ಅಂದೆ. ನಿಮಗೆ ಗೊತ್ತೇ ಇದೆ.

ಅವನು ಹೋಗಿ ಹೇಳಿದಾಗ ಅಲ್ಲಿನ ಡ್ಯೂಟಿ ಡಾಕ್ಟರ್ ಮೊದಲು ಮುಖ ಗಂಟಿಕ್ಕಿದರಂತೆ, "ಯಾರು ಹೇಳಿದ್ದು ಎಣಿಸೋಕೆ?" ಅಂತ. ಆದರೆ ಎದ್ದು ಬಂದರು, ತಾವೇ ನಿಂತು ಎಣಿಸಿದರು, ಆಕ್ಸಿಜನ್ ಹಾಕಿಸಿ ನರ್ಸಿಂಗ್ ಸ್ಟೇಷನ್ ಎದುರಿನ ಬೆಡ್ಡಿಗೆ ಬದಲಿಸಿದರು. ಅವರಿಗೆ ನನ್ನ ನಮಸ್ಕಾರ.

ಇವತ್ತು ಸಂಜೆ 21. ಆಕ್ಸಿಜನ್ ತೆಗೆದು ಒಂದೂವರೆ ದಿನ ಆಯಿತು. ನಾಳೆ ಡಿಸ್ಚಾರ್ಜ್ ಮಾಡುವ ಮಾತು ಬಂದಿದೆಯಂತೆ. ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಸ್ಯಾಚುರೇಶನ್ ನೋಡಿದ್ರಾ ಅಂತ ಕೇಳಿದೆ. ಇಲ್ಲ ಅಂದ. ನಡೆಸದೆ ಕರೆದುಕೊಂಡು ಬರಬೇಡ ಅಂದಿದ್ದೇನೆ. ಅವರ ಮನೆ ಹಳೇ ಚಾಳಿನಲ್ಲಿ, ಅಂದರೆ ಮುಂಬೈಯ ವಠಾರದಲ್ಲಿ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ.