ನೊಟೇಶನ್ ಬರೆಯೋದು ಯಾರಿಗೋಸ್ಕರ?

ದಾವಣಗೆರೆಯಲ್ಲಿ ಈಗ ರೆಕಾರ್ಡಿಂಗ್ ರೂಮುಗಳಿಗೇನೂ ಬರ ಇಲ್ಲ. ವಿದ್ಯಾನಗರ, ಪಿ.ಜೆ. ಬಡಾವಣೆ, ಕಡೆಗೆ ಹಳೇಪೇಟೆಯ ಮಾಳಿಗೆ ಮೇಲೂ ಒಂದು ಕೋಣೆಗೆ ಫೋಮ್ ಹೊಡೆಸಿ, ಮೈಕು, ಲ್ಯಾಪ್‌ಟಾಪು ಇಟ್ಟುಕೊಂಡು ಕೂತ ಹುಡುಗರಿದ್ದಾರೆ. ಕಿರುಚಿತ್ರ, ಆಲ್ಬಂ ಹಾಡು, ಅಂಗಡಿ ಜಾಹೀರಾತು, ಜಾತ್ರೆ ಬಂತು ಅಂದ್ರೆ ದುಗ್ಗಮ್ಮನ ಭಕ್ತಿಗೀತೆ. ಕೆಲಸ ಚೆನ್ನಾಗೇ ಮಾಡ್ತಾರೆ. ನಾನೂ ಕೀಬೋರ್ಡ್ ನುಡಿಸುವವನು, ಇವರಲ್ಲಿ ಬಹಳ ಜನರ ಜೊತೆ ಕೂತಿದ್ದೇನೆ. ಹಾಗಾಗಿ ಇದನ್ನು ಹೊರಗಿನವನ ಟೀಕೆ ಅಂದುಕೊಳ್ಳಬೇಡಿ.

ಅವರ ಲ್ಯಾಪ್‌ಟಾಪಲ್ಲಿ ಹಾಡು ರೆಕಾರ್ಡ್ ಮಾಡಿ ಜೋಡಿಸುವ ಕ್ಯೂಬೇಸ್ ಇರುತ್ತೆ, ಎಫ್‌ಎಲ್ ಸ್ಟುಡಿಯೋ ಇರುತ್ತೆ, ಎಲ್ಲಿಂದಲೋ ತಂದ ಹತ್ತಾರು ಜಿಬಿ ವಯೊಲಿನ್ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ದನಿ) ಇರುತ್ತೆ. ನೊಟೇಶನ್, ಅಂದರೆ ಓದಿ ನುಡಿಸೋಕೆ ಸ್ವರಗಳನ್ನು ಐದು ಗೆರೆಯ ಮೇಲೆ ಬರೆಯುವ ಸಾಫ್ಟ್‌ವೇರ್ ಮಾತ್ರ ಇರಲ್ಲ. ಕೇಳಿದರೆ, "ಸರ್, ಈಗ ಯಾರು ನೊಟೇಶನ್ ಬರೀತಾರೆ? ನುಡಿಸಿದ್ರೆ ಆಯ್ತು, ರೆಕಾರ್ಡ್ ಆಗುತ್ತೆ" ಅಂತಾರೆ. ಆ ಮಾತು ಅರ್ಧ ಸರಿ. ಕಂಪ್ಯೂಟರೇ ನುಡಿಸೋದಾದರೆ ಬರೆಯೋದು ಬೇಕಾಗಿಲ್ಲ. ಆದರೆ ಒಬ್ಬ ಮನುಷ್ಯ ನುಡಿಸಬೇಕು ಅಂದ ತಕ್ಷಣ ಬರೆಯಲೇಬೇಕು. ನನ್ನ ತಕರಾರು ಇನ್ನೂ ಸ್ವಲ್ಪ ಮುಂದೆ ಹೋಗುತ್ತೆ. ಆ ಸಾಫ್ಟ್‌ವೇರ್ ಕಲಿತವರಲ್ಲೂ ಬಹಳ ಜನ ಅದರ ಪ್ಲೇ ಬಟನ್‌ಗೆ ಬರೀತಾರೆ, ನುಡಿಸುವವನಿಗೆ ಬರೆಯಲ್ಲ.

ದೃಶ್ಯಕ್ಕೆ ಸಂಗೀತ ಕೊಡೋದು ನಮ್ಮೂರಿಗೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಡೆದ ಊರು ಇದು. ಪೇಟಿ ಮಾಸ್ತರು ಸ್ಟೇಜಿನ ಪಕ್ಕ ಕೂತು, ಕಾಲಲ್ಲಿ ಗಾಳಿ ತುಂಬುತ್ತಾ, ಕಣ್ಣು ಮಾತ್ರ ನಟನ ಮೇಲೆ ಇಟ್ಟಿರುತ್ತಿದ್ದರು. ನಟ ಇವತ್ತು ಅಳೋದನ್ನು ಎರಡು ನಿಮಿಷ ಎಳೆದರೆ ಪೇಟಿಯೂ ಎಳೀತಿತ್ತು. ವಿಲನ್ ಮೂರು ಹೆಜ್ಜೆ ಮೊದಲೇ ಬಂದರೆ ತಬಲಾದವನಿಗೆ ಒಂದು ಕಣ್ಸನ್ನೆ ಸಾಕು. ಯಾವ ಹಾಳೆಯೂ ಬೇಕಿರಲಿಲ್ಲ, ಯಾಕಂದ್ರೆ ನಟ, ಪೇಟಿ, ತಬಲಾ ಮೂವರೂ ಒಂದೇ ಜಾಗದಲ್ಲಿ ಉಸಿರಾಡುತ್ತಿದ್ದರು.

ಸಿನಿಮಾದಲ್ಲಿ ಆ ಅನುಕೂಲ ಇಲ್ಲ. ನಟ ಅತ್ತು ಮುಗಿಸಿ ಮನೆಗೆ ಹೋಗಿ ಆರು ತಿಂಗಳಾಗಿರುತ್ತೆ. ಎಡಿಟರ್ ಕತ್ತರಿ ಹಾಕಿ ಆಗಿದೆ. ಚಿತ್ರ ನಿಮಗೋಸ್ಕರ ಒಂದು ಫ್ರೇಮೂ ಕಾಯಲ್ಲ. ಆಗ ಶುರುವಾಗುತ್ತೆ ಲೆಕ್ಕ.

ಒಂದು ಉದಾಹರಣೆ ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತೆ. ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಒಂದು ಕಿರುಚಿತ್ರ ಅಂದುಕೊಳ್ಳಿ. (ಕೋಟೆ ಅಂದ ಕೂಡಲೇ ಕನ್ನಡದವರ ಕಿವಿಗೆ 'ನಾಗರಹಾವು' ಚಿತ್ರದ ವಿಜಯಭಾಸ್ಕರ್ ಅವರ ಹಾಡೇ ಬರೋದು. 1972ರಿಂದ ಆ ಬಂಡೆಗಳಿಗೆ ಅದೇ ಹಿನ್ನೆಲೆ ಸಂಗೀತ. ಹೊಸಬರಿಗೆ ಕಷ್ಟ ಅಲ್ವಾ?) ಹುಡುಗಿ ಮೆಟ್ಟಿಲು ಹತ್ತುತ್ತಾಳೆ. 20ನೇ ಸೆಕೆಂಡಿಗೆ ತಿರುಗಿ ನೋಡ್ತಾಳೆ. 23ನೇ ಸೆಕೆಂಡಿಗೆ ಮೇಲಿಂದ ಕಲ್ಲು ಉರುಳುತ್ತೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಹಾಡಿನ ವೇಗ ನಿಮಿಷಕ್ಕೆ 96 ಬೀಟ್ ಇಟ್ಟರೆ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್ ಬರುತ್ತೆ. 20 ಸೆಕೆಂಡಿಗೆ 480 ಫ್ರೇಮ್, ಅಂದರೆ 32 ಬೀಟ್. ನಾಲ್ಕು ಬೀಟಿನ ಒಂದೊಂದು ಗುಂಪಿಗೆ ಬಾರ್ ಅಂತಾರೆ; ಅಂಥ ಎಂಟು ಮುಗಿದು, ಒಂಬತ್ತನೇದರ ಮೊದಲ ಏಟಿಗೆ ಹುಡುಗಿ ತಿರುಗುತ್ತಾಳೆ. ಇಲ್ಲಿಯವರೆಗೆ ಹಬ್ಬ.

ಕಲ್ಲು ಬೀಳೋದು ಮಾತ್ರ 36.8ನೇ ಬೀಟಿಗೆ. ಎಲ್ಲಿಗೂ ಸೇರಲ್ಲ. ಒಂಬತ್ತನೇ ಬಾರನ್ನು 80ರ ವೇಗಕ್ಕೆ ಇಳಿಸಿದರೆ ನಾಲ್ಕು ಬೀಟು ಸರಿಯಾಗಿ ಮೂರು ಸೆಕೆಂಡಿಗೆ ಮುಗಿದು, ಕಲ್ಲು ಹತ್ತನೇ ಬಾರಿನ ಮೊದಲ ಏಟಿಗೆ ಬೀಳುತ್ತೆ. ಆದರೆ ಸಂಗೀತ ಸುಸ್ತಾದ ಹಾಗೆ ಕೇಳುತ್ತೆ. ಅದರ ಬದಲು ಆ ಒಂದು ಬಾರಿಗೆ ಮಾತ್ರ ಐದು ಬೀಟು ಕೊಟ್ಟು, ವೇಗ 100 ಮಾಡಿ. ಅದೂ ಮೂರೇ ಸೆಕೆಂಡು. 96ರಿಂದ 100ಕ್ಕೆ ಹೋಗಿದ್ದು ಯಾರ ಕಿವಿಗೂ ಗೊತ್ತಾಗಲ್ಲ. ಜೊತೆಗೆ ಒಂದು ಬೀಟು ಹೆಚ್ಚಾಗಿದ್ದರಿಂದ, "ಏನೋ ಆಗುತ್ತೆ" ಅನ್ನೋ ಅಳುಕು ತಾನಾಗೇ ಬರುತ್ತೆ. ಇದು ಸುಮ್ನೆ ಲೆಕ್ಕ ಅಲ್ಲ, ಸಂಯೋಜನೆಯೇ. ಸಿಬೇಲಿಯಸ್, ಡೊರಿಕೋ ಥರದ ನೊಟೇಶನ್ ಸಾಫ್ಟ್‌ವೇರಲ್ಲಿ ವೀಡಿಯೋ ಹಾಕಿ, ಕಲ್ಲು ಬೀಳುವ ಜಾಗಕ್ಕೆ ಗುರುತು ಇಟ್ಟರೆ ಅದು ಯಾವ ಬಾರಿನ ಯಾವ ಬೀಟಿಗೆ ಬರುತ್ತೆ ಅಂತ ಗೆರೆಗಳ ಮೇಲೇ ಕಾಣುತ್ತೆ. ಕ್ಯೂಬೇಸಲ್ಲೂ ಇದು ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಐದು ಬೀಟಿನ ಬಾರ್ ಅನ್ನೋ ಉಪಾಯ ಹೊಳೆಯೋದು ಬಾರ್‌ಗಳನ್ನು ಕಣ್ಣಾರೆ ನೋಡುವವನಿಗೇ ಜಾಸ್ತಿ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಬಣ್ಣದ ಪಟ್ಟಿ ಮಾತ್ರ ನೋಡುವವನು ಪಟ್ಟಿಯನ್ನು ಎಳೆದು ಹೊಂದಿಸ್ತಾನೆ, ಅಷ್ಟೇ.

"ಹಾಗಾದ್ರೆ ದೊಡ್ಡವರೆಲ್ಲ ಸಾಫ್ಟ್‌ವೇರಲ್ಲೇ ಬರೀತಾರಾ?" ಇಲ್ಲ. ಹಾಲಿವುಡ್‌ನ ಜಾನ್ ವಿಲಿಯಮ್ಸ್ ಪೆನ್ಸಿಲ್ ಹಿಡಿದೇ ಬರೆದವರು. ಇಳಯರಾಜಾ, ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದವರು, ಇವತ್ತಿಗೂ ಐದು ಗೆರೆಯ ಹಾಳೆ ಮೇಲೆ ಕೈಯಲ್ಲೇ ಬರೀತಾರೆ. ಹಾಲಿವುಡ್‌ನವರೇ ಆದ ಹಾನ್ಸ್ ಝಿಮ್ಮರ್ ಕ್ಯೂಬೇಸಲ್ಲಿ ನುಡಿಸಿ ಕಟ್ತಾರೆ. ಮೊದಲ ಇಬ್ಬರದು ಒಂದು ದಾರಿ, ಇವರದು ಇನ್ನೊಂದು. ಆದರೆ ಬೇರೆಯವರು ನುಡಿಸಬೇಕಾದಾಗ ಎರಡೂ ದಾರಿ ಬಂದು ಸೇರೋದು ಒಂದೇ ಕಡೆ, ಕಲಾವಿದರ ಮುಂದಿನ ಸ್ಟ್ಯಾಂಡ್ ಮೇಲಿನ ಹಾಳೆಗೆ.

ಆ ಹಾಳೆ ತಾನಾಗಿ ಆಗಲ್ಲ. ಕೀಬೋರ್ಡಲ್ಲಿ ನುಡಿಸಿದ್ದು ಮಿಡಿಯಾಗಿ ದಾಖಲಾಗುತ್ತೆ. ಮಿಡಿ 1983ರಿಂದ ಇದೆ. ಅದಕ್ಕೆ ಗೊತ್ತಿರೋದು ನಿಮ್ಮ ಕೈ ಮಾಡಿದ್ದು ಮಾತ್ರ: ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ, ಯಾವ ಚಕ್ರ ತಿರುಗಿಸಿದಿರಿ. ಅದನ್ನು ಹಾಗೇ ನೊಟೇಶನ್ ಸಾಫ್ಟ್‌ವೇರಿಗೆ ಸುರಿದು ನೋಡಿ, ಗಾಬರಿ ಆಗ್ತೀರಿ. ಬೆರಳು ಕೂದಲೆಳೆಯಷ್ಟು ಬೇಗ ಎತ್ತಿದ್ದಕ್ಕೆ ಅದು ಅರವತ್ನಾಲ್ಕನೇ ಒಂದರ ವಿರಾಮ ಬರೆದಿರುತ್ತೆ. ಎರಡು ಬೀಟಿನ ಒಂದು ಸ್ವರವನ್ನು ನಾಲ್ಕು ತುಂಡು ಮಾಡಿ, ಅವನ್ನು ಸೇರಿಸೋಕೆ ಕಮಾನಿನ ಗೆರೆ ಎಳೆದಿರುತ್ತೆ. ಎ ಫ್ಲಾಟ್ ಇರಬೇಕಾದ ಕಡೆ ಜಿ ಶಾರ್ಪ್ ಇರುತ್ತೆ. ಕೇಳೋಕೆ ಎರಡೂ ಒಂದೇ, ಓದುವವನಿಗೆ ಒಂದು ಕ್ಷಣದ ತಡವರಿಕೆ. ನೀವು ಕೀಬೋರ್ಡಿನ ಮಾಡ್ಯುಲೇಶನ್ ಚಕ್ರ ತಿರುಗಿಸಿ ನಿಧಾನಕ್ಕೆ ಏರಿಸಿದ ಧ್ವನಿ ಹಾಳೆಯಲ್ಲಿ ಎಲ್ಲೂ ಕಾಣಲ್ಲ. ಅದನ್ನು ಕೈಯಿಂದಲೇ ಹಾಕಬೇಕು: ಎಲ್ಲಿಂದ ಏರಬೇಕು, ಎಲ್ಲಿ ಇಳಿಯಬೇಕು, ವಯೊಲಿನ್ ಬಿಲ್ಲಿನ ಒಂದೇ ಎಳೆತಕ್ಕೆ ಎಷ್ಟು ಸ್ವರ.

ಇದನ್ನೆಲ್ಲ ಸರಿಮಾಡುವವರೇ ಆರ್ಕೆಸ್ಟ್ರೇಟರ್ (ಯಾವ ವಾದ್ಯಕ್ಕೆ ಏನು ಅಂತ ಹಂಚುವವರು), ಕಾಪಿಯಿಸ್ಟ್ (ಒಬ್ಬೊಬ್ಬರ ಹಾಳೆ ಬರೆಯುವವರು). ಪೋಸ್ಟರಲ್ಲಿ ಸಂಗೀತ ನಿರ್ದೇಶಕರ ಹೆಸರು ದೊಡ್ಡದಾಗಿ ಇರುತ್ತೆ, ಹಾಳೆ ಬರೆದವರ ಹೆಸರನ್ನು ದೀಪ ಹಿಡಿದು ಹುಡುಕಬೇಕು. ನೊಟೇಶನ್ ಬರದೇ ಇರೋದು ಅವಮಾನವೇನಲ್ಲ, ಕಿವಿಯಿಂದಲೇ ಅದ್ಭುತ ರಾಗ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬರೆದು ಕೊಟ್ಟವನಿಗೆ ಸರಿಯಾಗಿ ದುಡ್ಡು, ಟೈಟಲ್ ಕಾರ್ಡಲ್ಲಿ ಒಂದು ಸಾಲು ಕೊಡದೇ ಇರೋದು ಅವಮಾನವೇ.

ಈಗ ಭಾರತದ ಸಿನಿಮಾಗಳ ಸ್ಟ್ರಿಂಗ್ಸ್ (ವಯೊಲಿನ್ ಥರದ ತಂತಿ ವಾದ್ಯಗಳು) ಎಷ್ಟೋ ಸಲ ಬುಡಾಪೆಸ್ಟಲ್ಲಿ, ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಲ್ಲಿ ರೆಕಾರ್ಡ್ ಆಗುತ್ತೆ. ಸಂಗೀತ ನಿರ್ದೇಶಕ ಇಲ್ಲೇ ಕೂತು ಇಂಟರ್ನೆಟ್ಟಲ್ಲಿ ಕೇಳ್ತಾ ಇರ್ತಾನೆ. ಅಲ್ಲಿನ ವಯೊಲಿನ್‌ನವರಿಗೆ ನಮ್ಮ ಕಥೆ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಹಾಳೆ ಮುಂದಿಟ್ಟರೆ ಅಲ್ಲೇ ಓದಿ ನುಡಿಸ್ತಾರೆ. ಸ್ಟುಡಿಯೋ ಲೆಕ್ಕ ಗಂಟೆಗೆ. ಒಂದು ಶಾರ್ಪ್ ತಪ್ಪಿದ್ದರೆ ಅದು ಯಾರ ಹಾಳೆಯದು ಅಂತ ಹುಡುಕುವ ಹೊತ್ತಿಗೆ ಅಷ್ಟೂ ಜನರ ಸಮಯದ ಬಿಲ್ಲು ನಿಮ್ಮ ತಲೆ ಮೇಲೆ. ಇನ್ನು ರೆಕಾರ್ಡಿಂಗಿನ ಹಿಂದಿನ ರಾತ್ರಿ ನಿರ್ದೇಶಕರು "ಎರಡು ಸೆಕೆಂಡ್ ಕಟ್ ಮಾಡಿದೀವಿ" ಅಂತ ಫೋನ್ ಮಾಡೋದು ಎಲ್ಲ ಭಾಷೆಯಲ್ಲೂ ಇರೋ ಸಂಪ್ರದಾಯ. ಮೊದಲು ಕೈಯಲ್ಲಿ ಬರೆಯುವಾಗ ಅಷ್ಟೂ ವಾದ್ಯದ ಹಾಳೆ ಮತ್ತೆ ಬರೀಬೇಕಿತ್ತು. ಈಗ ಮುಖ್ಯ ಸ್ಕೋರಲ್ಲಿ (ಎಲ್ಲ ವಾದ್ಯ ಒಟ್ಟಿಗೆ ಇರೋ ಹಾಳೆ) ಬಾರ್ ತೆಗೆದರೆ ಎಲ್ಲರ ಹಾಳೆಯಲ್ಲೂ ಹೋಗುತ್ತೆ, ನಂಬರೂ ತಾನೇ ಬದಲಾಗುತ್ತೆ. ನನ್ನ ಕೇಳಿದರೆ ಈ ಸಾಫ್ಟ್‌ವೇರಿನ ನಿಜವಾದ ಉಪಕಾರ ಇದೇ. ಬೇರೆಲ್ಲ ಮಾರಾಟದ ಮಾತು.

ಆ ಮಾರಾಟದ ಮಾತಲ್ಲಿ ದೊಡ್ಡದು ಪ್ಲೇ ಬಟನ್. ಒತ್ತಿದರೆ ಆರ್ಕೆಸ್ಟ್ರಾ ಕೇಳುತ್ತೆ, ಮೈ ಜುಂ ಅನ್ನುತ್ತೆ. ಆದರೆ ಆ ಆರ್ಕೆಸ್ಟ್ರಾದವರಿಗೆ ಶ್ವಾಸಕೋಶ ಇಲ್ಲ. ಫ್ರೆಂಚ್ ಹಾರ್ನ್ ನಲವತ್ತು ಸೆಕೆಂಡ್ ಉಸಿರು ತಗೊಳ್ಳದೆ ಊದುತ್ತೆ. ಕೊಳಲು ತನ್ನ ಅತಿ ಕೆಳಗಿನ ಸ್ವರದಲ್ಲಿ ಮೂರು ಟ್ರಂಪೆಟ್ಟನ್ನು ಮೀರಿ ಕೇಳುತ್ತೆ, ನಿಜವಾದ ಕೊಳಲಿಗೆ ಅಲ್ಲಿ ಇರೋದು ಬರೀ ಗಾಳಿಯಂಥ ಮೆತ್ತನೆ ದನಿ. ವಯೊಲಿನ್ನಿನ ಕಡೇ ತಂತಿ ಜಿ. ಅದಕ್ಕಿಂತ ಕೆಳಗೆ ಬರೆದರೆ ಮ್ಯೂಸ್‌ಸ್ಕೋರ್ ಅನ್ನೋ ನೊಟೇಶನ್ ಸಾಫ್ಟ್‌ವೇರ್ ಆ ಸ್ವರವನ್ನು ಕೆಂಪು ಮಾಡಿ ತೋರಿಸುತ್ತೆ, ಒಳ್ಳೇದೇ. ಆದರೆ ಕೆಳಗಿನ ಜಿ ಮತ್ತು ಅದರ ಪಕ್ಕದ ಎ ಫ್ಲಾಟ್ ಎರಡನ್ನೂ ಒಟ್ಟಿಗೆ ಒಬ್ಬನಿಗೇ ಬರೆದರೆ? ಎರಡೂ ಒಂದೇ ತಂತಿಯಲ್ಲಿವೆ, ಮನುಷ್ಯ ನುಡಿಸೋಕಾಗಲ್ಲ. ಪ್ಲೇ ಬಟನ್ ಮಾತ್ರ ನಗುನಗುತ್ತಾ ನುಡಿಸುತ್ತೆ.

ಇದಕ್ಕೆ ಮದ್ದು ನಮ್ಮೂರಲ್ಲೇ ಇದೆ, ಬ್ಯಾಂಡ್ ಸೆಟ್‌ನವರು. ಮೆರವಣಿಗೆಯಲ್ಲಿ ಬಿಸಿಲಲ್ಲಿ ನಡೀತಾ ಕ್ಲಾರಿನೆಟ್ ಊದುವ ಅಣ್ಣಂದಿರಿಗೆ ಉಸಿರು ಎಲ್ಲಿ ತಗೋಬೇಕು, ತುಟಿ ಎಷ್ಟು ಹೊತ್ತಿಗೆ ಸೋಲುತ್ತೆ ಅನ್ನೋದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಇತ್ತೀಚೆಗೆ ಒಬ್ಬ ಹುಡುಗನ ಕಿರುಚಿತ್ರಕ್ಕೆ ಅಂಥ ಒಬ್ಬರನ್ನು ಕರೆಸಿದ್ದೆವು. ಅವರ ಕ್ಲಾರಿನೆಟ್ ಬಿ ಫ್ಲಾಟ್‌ದು. ಪೇಟಿ ಭಾಷೆಯಲ್ಲಿ ಹೇಳೋದಾದರೆ, ಅವರು ಬಿಳಿ 1ರ ಬೆರಳು ಹಿಡಿದರೆ ಹೊರಗೆ ಬರೋದು ಕರಿ 5. ಸಾಫ್ಟ್‌ವೇರಲ್ಲಿ ವಾದ್ಯ ಆರಿಸಿದ್ದರೆ ಇದನ್ನೆಲ್ಲ ಅದೇ ನೋಡಿಕೊಳ್ಳುತ್ತೆ, ಅವರ ಹಾಳೆಯನ್ನು ಒಂದು ಸ್ವರ ಮೇಲೆ ಮಾಡಿ ಕೊಡುತ್ತೆ. ಆದರೆ ಅವರಿಗೆ ಐದು ಗೆರೆ ಓದೋಕೆ ಬರಲ್ಲ. ಹುಡುಗ ಪ್ರತಿ ಸ್ವರದ ಕೆಳಗೆ, ಹಾಡಿನ ಸಾಹಿತ್ಯ ಬರೆಯುವ ಜಾಗದಲ್ಲಿ, ಕನ್ನಡದಲ್ಲೇ ಸ ರಿ ಗ ಟೈಪ್ ಮಾಡಿ ಪ್ರಿಂಟ್ ತಂದಿದ್ದ. ಅಣ್ಣ ಹಾಳೆಯನ್ನು ದೂರ ಹಿಡಿದು ನೋಡಿ, "ಬರ್ದಿರೋದು ಚೆನ್ನಾಗೈತಪ್ಪ. ಇಲ್ಲಿ ಉಸಿರು ಯಾರು ತಗೋಬೇಕು, ನೀನಾ?" ಅಂದರು. ಎಂಟು ಬಾರ್ ಒಂದೇ ಉಸಿರಿಗೆ ಬರೆದಿದ್ದ. ಇಬ್ಬರೂ ಕೂತು ಪೆನ್ಸಿಲಲ್ಲಿ ಮೂರು ಕಡೆ ಅಲ್ಪವಿರಾಮ ಹಾಕಿದರು. ರಾಗದ ಓಟವೇ ಬದಲಾಯ್ತು, ಮೊದಲಿಗಿಂತ ಚೆನ್ನಾಯ್ತು.

ಗಮಕದ (ಸ್ವರವನ್ನು ತೂಗಿ, ಜಾರಿಸಿ ಹಾಡೋದು) ವಿಷಯ ಎತ್ತದಿದ್ದರೆ ಕಾಮೆಂಟಲ್ಲಿ ನನ್ನನ್ನು ಬಿಡಲ್ಲ ನೀವು. ಹೌದು, ಈ ಸಾಫ್ಟ್‌ವೇರಿಗೆ ಗಮಕ ಬರಲ್ಲ. ಕಲ್ಯಾಣಿಯ ಗಾಂಧಾರವನ್ನು ಕಡ್ಡಿ ಥರ ನೆಟ್ಟಗೆ ನುಡಿಸುತ್ತೆ. ಅದಕ್ಕೆ ಇಡೀ ಬರವಣಿಗೆಯೇ ನಮಗಲ್ಲ ಅನ್ನೋರ ಮಾತು ನನಗೆ ಒಪ್ಪಿಗೆ ಇಲ್ಲ. ನಮ್ಮವರೂ ಬರೆದಿದ್ದಾರೆ. ಕರ್ನಾಟಕ ಸಂಗೀತದ ಸುಬ್ಬರಾಮ ದೀಕ್ಷಿತರು 1904ರಲ್ಲೇ ಒಂದೊಂದು ಗಮಕಕ್ಕೂ ಬೇರೆ ಗುರುತು ಕೊಟ್ಟು ಅಚ್ಚು ಹಾಕಿಸಿದರು. ಹಿಂದೂಸ್ತಾನಿಯ ಭಾತಖಂಡೆ ಪದ್ಧತಿಯಲ್ಲಿ ಕೋಮಲಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಕಡ್ಡಿ. ನಮ್ಮ ಕಡೆ ಗವಾಯಿಗಳ ಶಿಷ್ಯರು ಅದನ್ನೇ ನೋಟ್‌ಬುಕ್ಕಲ್ಲಿ ತುಂಬಿಸಿಕೊಂಡಿರ್ತಾರೆ. ಯಾವ ಬರವಣಿಗೆಯೂ ಪೂರ್ತಿ ಹೇಳಲ್ಲ. ನಾನು ಹುಡುಗರಿಗೆ ಹೇಳೋದು: ಹಾಳೆಯಲ್ಲಿ ಸ್ವರದ ಎಲುಬು ಮಾತ್ರ ಬರೀರಿ, ಗಮಕವನ್ನು ಬಾಯಲ್ಲಿ ಹಾಡಿ ಫೋನಲ್ಲಿ ರೆಕಾರ್ಡ್ ಮಾಡಿ ಜೊತೆಗೆ ಕಳಿಸಿ. ಗಮಕವನ್ನೂ ಸಣ್ಣ ಸಣ್ಣ ಸ್ವರವಾಗಿ ಒಡೆದು ಬರೆಯೋಕೆ ಹೋದರೆ ಓದುವವನು ಅದನ್ನು ಲೆಕ್ಕದ ಹಾಗೆ ನುಡಿಸ್ತಾನೆ, ರಾಗ ಸತ್ತೇ ಹೋಗುತ್ತೆ.

ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಮೆಸೇಜ್ ಬರುತ್ತೆ ಅಂತ ಗೊತ್ತು, ಇಲ್ಲೇ ಹೇಳಿಬಿಡ್ತೀನಿ. ಯಾವುದನ್ನೂ ಶಾಶ್ವತ ಅಂತ ನಂಬಬೇಡಿ. ಫಿನಾಲೆ 1988ರಲ್ಲಿ ಬಂದಿದ್ದು, ಎಷ್ಟೋ ಜನರಿಗೆ ಇಡೀ ಜೀವಮಾನದ ಕೆಲಸ ಅದರಲ್ಲೇ ಇತ್ತು. 2024ರ ಆಗಸ್ಟಲ್ಲಿ ಕಂಪನಿ ಇನ್ನು ಮುಂದೆ ಇದನ್ನು ಬೆಳೆಸಲ್ಲ ಅಂದುಬಿಟ್ಟಿತು. ಸಿಬೇಲಿಯಸ್ 1993ರಲ್ಲಿ ಇಂಗ್ಲೆಂಡಿನ ಅವಳಿ ಸಹೋದರರು ಮಾಡಿದ್ದು. 2012ರಲ್ಲಿ ಅದರ ಲಂಡನ್ ಕಚೇರಿ ಮುಚ್ಚಿದಾಗ ಹೊರಬಿದ್ದ ತಂಡವೇ ಸ್ಟೈನ್‌ಬರ್ಗ್ ಸೇರಿ 2016ರಲ್ಲಿ ಡೊರಿಕೋ ತಂದಿತು. ಕ್ಯೂಬೇಸ್ 14 ಇರೋರಿಗೆ ಒಂದು ವಿಷಯ, ಅದರ ಒಳಗಿನ ಸ್ಕೋರ್ ಎಡಿಟರ್ ಈಗ ಡೊರಿಕೋದಿಂದಲೇ ಬಂದದ್ದು. ತೆರೆದು ನೋಡಿ, ದುಡ್ಡು ಆಗಲೇ ಕೊಟ್ಟಿದ್ದೀರಿ. ಎಫ್‌ಎಲ್ ಸ್ಟುಡಿಯೋದವರು ಮಿಡಿ ಹೊರಗೆ ತೆಗೆದು ಬೇರೆ ಕಡೆ ಹಾಕಿಕೊಳ್ಳಬೇಕು. ಯಾವುದರಲ್ಲೇ ಬರೆದರೂ ಒಂದು ಪಿಡಿಎಫ್, ಒಂದು ಮ್ಯೂಸಿಕ್‌ಎಕ್ಸ್‌ಎಂಎಲ್ ತೆಗೆದಿಡಿ. ಈ ಎರಡನೇದು ಒಂದು ಸಾಫ್ಟ್‌ವೇರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆಯೋಕೆ ಅಂತಲೇ ಇರೋ ಫೈಲು.

ಏನೂ ಇಲ್ಲದವರು ಮ್ಯೂಸ್‌ಸ್ಕೋರ್ ಹಾಕಿಕೊಳ್ಳಿ. ಪುಕ್ಕಟೆ, ಕದ್ದದ್ದೂ ಅಲ್ಲ. ಕಿರುಚಿತ್ರಕ್ಕೆ ಅದು ಧಾರಾಳ ಸಾಕು. ಹೊಸ ಸ್ಯಾಂಪಲ್ ಲೈಬ್ರರಿಗೆ ಅಂತ ಎತ್ತಿಟ್ಟ ದುಡ್ಡಿದ್ದರೆ ಒಂದು ಸಂಜೆಗೆ ಒಬ್ಬ ವಯೊಲಿನ್‌ನವರನ್ನೋ ಕ್ಲಾರಿನೆಟ್‌ನವರನ್ನೋ ಕರೆಸಿ, ನೀವು ಬರೆದ ಹಾಳೆ ಮುಂದಿಟ್ಟು ಸುಮ್ನೆ ಕೂತು ಕೇಳಿ. ಮೊದಲೇ ರೇಟು ಮಾತಾಡಿಕೊಳ್ಳಿ, ಮುಹೂರ್ತದ ದಿನಗಳಲ್ಲಿ ಬ್ಯಾಂಡ್‌ನವರು ಯಾರೂ ಸಿಗಲ್ಲ.