‘ಜೈಂಟ್ ಸ್ಟೆಪ್ಸ್’ನಲ್ಲಿ ಷಡ್ಜ ಎಲ್ಲಿದೆ?

ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’ ರಚನೆ ಅಂದ ಕೂಡಲೇ ಎಲ್ಲರೂ ವೇಗದ ಮಾತೆತ್ತುತ್ತಾರೆ. ನಿಮಿಷಕ್ಕೆ ಸುಮಾರು 290 ಬೀಟ್ (ತಾಳದ ಏಟು), ನಿಜವೇ. ಆದರೆ ವೇಗಕ್ಕೆ ಬೆರಗಾಗಿ ನಿಂತರೆ ಅದರ ಕಟ್ಟಡವೇ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸ್ವರಗಳಲ್ಲೇ ನೋಡೋಣ. ಹನ್ನೆರಡು ಸ್ವರಸ್ಥಾನಗಳನ್ನು ನಾಲ್ಕು ನಾಲ್ಕರಂತೆ ಪಾಲು ಮಾಡಿದರೆ ಷಡ್ಜ (ಆಧಾರ ಸ್ವರ ‘ಸ’), ಅಂತರ ಗಾಂಧಾರ, ಶುದ್ಧ ಧೈವತ ಸಿಗುತ್ತವೆ. ಪಾಶ್ಚಾತ್ಯ ಹೆಸರಿನಲ್ಲಿ ಇಲ್ಲಿ ಅವು ಬಿ, ಇ ಫ್ಲಾಟ್, ಜಿ. ಮೂರೂ ಸರದಿಯ ಮೇಲೆ ಷಡ್ಜವಾಗುತ್ತವೆ. ಗ್ರಹಭೇದದಲ್ಲಿ ಸ್ವರಗಳು ಅವೇ ಉಳಿದು ಷಡ್ಜ ಮಾತ್ರ ಸರಿಯುತ್ತದೆ. ಇಲ್ಲಿ ಷಡ್ಜದ ಜೊತೆ ಶಂಕರಾಭರಣ ರಾಗದ ಇಡೀ ಸ್ವರಸಾಲೇ ಎದ್ದು ಹೊಸ ಜಾಗಕ್ಕೆ ಹೋಗಿ ಕೂರುತ್ತದೆ. ಇಡೀ ರಚನೆಗೆ 16 ಬಾರ್ (ನಾಲ್ಕು ಬೀಟ್‌ನ ಒಂದು ಆವರ್ತ), 26 ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ). ಮೊದಲ ಮೂರೇ ಬಾರ್‌ಗಳಲ್ಲಿ ಬಿ, ಜಿ, ಇ ಫ್ಲಾಟ್ ಮೂರೂ ಬಂದುಹೋಗುತ್ತವೆ. ಉತ್ತರಾರ್ಧದಲ್ಲಿ ಎರಡೆರಡು ಬಾರ್‌ಗೊಮ್ಮೆ ಷಡ್ಜ ಮೇಲಕ್ಕೆ ಹತ್ತುತ್ತದೆ, ಉಸಿರಾಡಲು ಜಾಗ ಸಿಗುತ್ತದೆ. ಕಲಿಯುವವರು ಅಲ್ಲಿಂದಲೇ ಶುರು ಮಾಡಲಿ.

ಪೂರ್ವಾರ್ಧದಲ್ಲಿ ಹಲವು ಕಾರ್ಡ್‌ಗಳಿಗೆ ಎರಡೇ ಬೀಟ್, ಅರ್ಧ ಸೆಕೆಂಡೂ ಇಲ್ಲ. ಅಷ್ಟರಲ್ಲಿ ಹಿಡಿಸುವುದು ನಾಲ್ಕು ಸ್ವರ. ಕೋಲ್ಟ್ರೇನ್ ಮತ್ತೆ ಮತ್ತೆ ನುಡಿಸುವುದು ಆಯಾ ಕಾರ್ಡ್‌ನ ಮೂಲ ಸ್ವರವನ್ನೇ ಷಡ್ಜ ಮಾಡಿಕೊಂಡ ‘ಸ ರಿ ಗ ಪ’. ಕಲಿಯುವವರು ಎಡವುವುದೂ ಇಲ್ಲೇ. ಆ ತುಣುಕನ್ನು ಬೆರಳಿಗೆ ಕಲಿಸಿ ಎಲ್ಲ ಕಾರ್ಡ್‌ಗೂ ಅಂಟಿಸಿದರೆ ಆರಂಭದ ಪಾಠದ ಜಂಟಿವರಸೆ ಕೇಳಿದ ಹಾಗಾಗುತ್ತದೆ, ಸಂಗೀತವಾಗುವುದಿಲ್ಲ. ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 80 ಬೀಟ್‌ಗೆ ಇಳಿಸಿ. ಮೊದಲು ಬೇಸ್‌ನ ಸ್ವರಗಳನ್ನು ಬಾಯಲ್ಲಿ ಹಾಡಿ, ಆಮೇಲೆ ಪ್ರತಿ ಕಾರ್ಡ್‌ನ ಗಾಂಧಾರವನ್ನು ಮಾತ್ರ ನುಡಿಸಿ. ಕಿವಿಗೆ ದಾರಿ ಗೊತ್ತಾಗುವ ತನಕ ವೇಗ ಏರಿಸಬೇಡಿ.

1959ರ ಮೇ ತಿಂಗಳ ಆ ಧ್ವನಿಮುದ್ರಣದಲ್ಲಿ ಪಿಯಾನೋದ ಟಾಮಿ ಫ್ಲಾನಗನ್ ತಡವರಿಸಿ, ಕೊನೆಗೆ ಬರೀ ಕಾರ್ಡ್‌ಗಳಿಗೆ ಇಳಿಯುತ್ತಾರೆ. ಅದನ್ನು ಹಿಡಿದು ಅವರನ್ನು ಆಡಿಕೊಳ್ಳುವುದು ದೊಡ್ಡ ಅನ್ಯಾಯ. ಕೋಲ್ಟ್ರೇನ್ ಈ ಚಲನೆಯನ್ನು ಅರೆದು ಕುಡಿದಿದ್ದರು, ಉಳಿದವರಿಗೆ ಅದು ಹೊಸದು. 1982ರಲ್ಲಿ ಫ್ಲಾನಗನ್ ತಮ್ಮದೇ ಟ್ರಿಯೋದೊಂದಿಗೆ (ಮೂವರ ತಂಡ) ಇದನ್ನು ಮತ್ತೆ ಧ್ವನಿಮುದ್ರಿಸಿದರು. ದಯವಿಟ್ಟು ಅದನ್ನೂ ಕೇಳಿ.

ಆ ಮೇ ತಿಂಗಳಿಗೆ ಕೆಲವೇ ವಾರ ಮುಂಚೆ ಇದೇ ಕೋಲ್ಟ್ರೇನ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ‘ಸೋ ವಾಟ್’ ನುಡಿಸಿದ್ದರು. ಅದರ 32 ಬಾರ್‌ಗಳಿಗೆ ಇರುವುದು ಎರಡೇ ನೆಲೆ, ಅಂದರೆ ಎರಡೇ ಷಡ್ಜ. ಅವರು ಮುಂದೆ ಹೆಚ್ಚು ನಡೆದದ್ದು ಆ ದಾರಿಯಲ್ಲೇ. 1964ರ ಡಿಸೆಂಬರ್‌ನಲ್ಲಿ ಮುದ್ರಿಸಿದ ‘ಎ ಲವ್ ಸುಪ್ರೀಮ್’ನ ಮೊದಲ ಭಾಗದ ಕೊನೆಗೆ ಕಿವಿಗೊಡಿ. ಕೆಳಗೆ ಬೇಸ್ ಬಹುಮಟ್ಟಿಗೆ ಕದಲದೆ ನಿಂತಿದೆ. ಮೇಲೆ ಸ್ಯಾಕ್ಸೋಫೋನ್ ಈ ಭಾಗದ್ದೇ ಆದ ಬೇರೊಂದು ನಾಲ್ಕು ಸ್ವರದ ತುಣುಕನ್ನು ಹನ್ನೆರಡೂ ಶ್ರುತಿಗಳಿಗೆ ಹೊತ್ತು ತಿರುಗುತ್ತದೆ. ಆಮೇಲೆ ವಾದ್ಯ ಕೆಳಗಿಳಿಸಿ, ಅದೇ ತುಣುಕನ್ನು ಬಾಯಿಂದಲೇ ಜಪಿಸುತ್ತಾರೆ.