ದಂಟಿನ ಸೊಪ್ಪನ್ನು ಪಾಲಕ್‌ಗಿಂತ ಕೆಳಗಿಡಬೇಡಿ

ಸೊಪ್ಪಿನ ಬಗ್ಗೆ ಬರೆದ ನಿಮ್ಮ ಲೇಖನದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಎರಡರಲ್ಲೂ ಪಾಲಕ್ಕೇ ಮುಂದು, ದಂಟಿನ ಸೊಪ್ಪು ಆಮೇಲೆ ಅಂತ ಹೇಳಿದ್ದೀರಿ. ಇದನ್ನು ನಾನು ಒಪ್ಪಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿ ನೋಡಿ, 100 ಗ್ರಾಂ ಪಾಲಕ್‌ನಲ್ಲಿ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ, ಹಸಿರು ದಂಟಿನ ಸೊಪ್ಪಿನಲ್ಲಿ 300ಕ್ಕೂ ಜಾಸ್ತಿ. ಕಬ್ಬಿಣದಲ್ಲೂ ದಂಟೇ ಮುಂದು. ಫೋಲೇಟ್ ಎಂಬ ಬಿ ವಿಟಮಿನ್‌ನಲ್ಲಿ ಮಾತ್ರ ಪಾಲಕ್ ಗೆಲ್ಲುತ್ತದೆ, ಅದು ನಿಜ.

ಇನ್ನೊಂದು ಮಾತು ನೀವು ಬಿಟ್ಟೇ ಬಿಟ್ಟಿದ್ದೀರಿ. ಎರಡು ಸೊಪ್ಪಿನಲ್ಲೂ ಆಕ್ಸಲೇಟ್ ಎಂಬ ಸಹಜ ರಾಸಾಯನಿಕ ಇದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಪಟ್ಟಿಯಲ್ಲಿರುವಷ್ಟೂ ಮೈಗೆ ಹತ್ತುವುದಿಲ್ಲ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಆ ನೀರಿಗಿಳಿದು ಸೊಪ್ಪಿನಲ್ಲಿ ಕಡಿಮೆಯಾಗುತ್ತದೆ, ಆದರೆ ನಮ್ಮ ಮನೆಯಲ್ಲಿ ಆ ನೀರಲ್ಲೇ ಬಸ್ಸಾರು ಮಾಡುತ್ತೇವೆ, ಅಲ್ವಾ? ಕಿಡ್ನಿಯಲ್ಲಿ ಕಲ್ಲಾಗುವುದು ಹೆಚ್ಚಾಗಿ ಈ ಆಕ್ಸಲೇಟ್‌ನಿಂದಲೇ, ಹಾಗಾಗಿ ಆ ತೊಂದರೆ ಇರುವವರಿಗೆ ಇದನ್ನು ಹೇಳಲೇಬೇಕಿತ್ತು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಸಿಗುತ್ತದೆ, ಊಟವಾದ ತಕ್ಷಣ ಟೀ ಕುಡಿದರೆ ಕಡಿಮೆಯಾಗುತ್ತದೆ.

ಬೆಂಗಳೂರಿನಲ್ಲಿ ಬೆಳಿಗ್ಗೆ ಗಾಡಿಯಲ್ಲಿ ಸೊಪ್ಪು ತರುವ ಅಮ್ಮಂದಿರ ಹತ್ತಿರ ದಂಟು ಯಾವಾಗಲೂ ಇರುತ್ತದೆ. ಪಾಲಕ್ ಸ್ಮೂದಿ ಅಂತ ಓಡಾಡುವ ನನ್ನ ಮಗಳಿಗೂ ಇದನ್ನೇ ಹೇಳುತ್ತಿದ್ದೇನೆ.